ಸೂಜಿ ಚುಚ್ಚುವಾಗ ಮಗುವನ್ನು ಹಿಡಿಯುವ ಕೆಲಸ ಅಪ್ಪನೇ ಮಾಡಬೇಕೇ?

ತೆಂಗಿನತೋಟ, ತಿಪಟೂರು (ರಾತ್ರಿ 2.10)

ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ರಾತ್ರಿ ಒಳಗಿರಲು ಒಬ್ಬರಿಗೆ ಮಾತ್ರ ಅವಕಾಶ. ಇಂದು ಮಗ ಅಮ್ಮನೇ ಬೇಕು ಎಂದ. ನಿನ್ನೆಯೂ ಹಾಗೆಯೇ ಎಂದಿದ್ದ. ನನ್ನ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮಗನಿಗೆ ಐದು ವರ್ಷ ಎರಡು ತಿಂಗಳು. ಮನೆಯಲ್ಲಿ ಪುಟ್ಟ ಎಂದು ಕರೆಯುತ್ತೇವೆ. ಆಷಾಢದಲ್ಲಿ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಕಾಲು ನೋವು ಎನ್ನುತ್ತಿದ್ದ. ಬೆಳೆಯುವ ಮಕ್ಕಳಿಗೆ ಅದು ಇದ್ದದ್ದೇ ಎಂದು ನನ್ನ ತಾಯಿ ಕೊಬ್ಬರಿ ಎಣ್ಣೆ ಹಚ್ಚಿ ನೀವುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 31,000 ಎಂದು ಬಂದಾಗ ಊರಿನಲ್ಲಿ ಡೆಂಗಿ ಹಬ್ಬಿತ್ತು, ಇದೂ ಅದೇ ಎಂದುಕೊಂಡೆವು. ನಾಲ್ಕು ದಿನ ಪಪ್ಪಾಯಿ ಎಲೆಯ ರಸ ಕುಡಿಸಿದೆ. ಅವನು ಒಲ್ಲೆ ಎಂದರೂ ಮೂಗು ಹಿಡಿದು ಕುಡಿಸಿದೆ. ಐದನೆಯ ದಿನ ಬೆನ್ನ ಮೇಲೆ ನೇರಳೆ ಬಣ್ಣದ ಮಚ್ಚೆಗಳು ಕಂಡವು. ತುಮಕೂರಿನ ವೈದ್ಯರು ರಕ್ತದ ಸ್ಲೈಡ್ ನೋಡಿದವರೇ, ಇಂದೇ ಬೆಂಗಳೂರಿಗೆ ಹೊರಡಿ ಎಂದರು. ಇಲ್ಲಿ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆಯ ಪರೀಕ್ಷೆಯಾಯಿತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಬಿ ಸೆಲ್ ಬಗೆಯ ರಕ್ತದ ಕ್ಯಾನ್ಸರ್. ವಾರ್ಡಿನಲ್ಲಿ ಎಲ್ಲರೂ ಎಎಲ್‌ಎಲ್ ಎನ್ನುತ್ತಾರೆ. ಒಟ್ಟು ಎರಡೂವರೆ ವರ್ಷದ ಚಿಕಿತ್ಸೆ. ಮೊದಲ ಹಂತವಾದ ಇಂಡಕ್ಷನ್ ಐದು ವಾರ, ಇಂದು ಅದರ 24ನೇ ದಿನ.

16ನೇ ದಿನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ. ವಾಂತಿ ನಿಲ್ಲಲಿಲ್ಲ. ಆಸ್ಪರಾಜಿನೇಸ್ ಎಂಬ ಇಂಜೆಕ್ಷನ್‌ನಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಇದು ಪ್ಯಾಂಕ್ರಿಯಾಟೈಟಿಸ್ ಎಂದರು. ಬಾಯಿಗೆ ಒಂದು ಹನಿಯೂ ಹಾಕಬಾರದು ಎಂದು ಮಂಚಕ್ಕೆ ಚೀಟಿ ಅಂಟಿಸಿದರು. ಸ್ಟೆರಾಯ್ಡ್ ತೆಗೆದುಕೊಳ್ಳುವ ಮಗುವಿನ ಹಸಿವನ್ನು ನೋಡಿದವರಿಗೆ ಮಾತ್ರ ಇದರ ಅರ್ಥ ಗೊತ್ತಾದೀತು. ಅದಕ್ಕೂ ಮೊದಲು ಅವನು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಮುದ್ದೆ ಕೇಳುತ್ತಿದ್ದ, ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ಅಂಥ ಹಸಿವು ಹಾಗೆಯೇ ಇರುವಾಗ ನಾಲ್ಕು ದಿನ ಬರಿಯ ಸಲೈನ್. ಹೊದಿಕೆಯ ಮೇಲೆ ಅಚ್ಚು ಹಾಕಿದ್ದ ಸೇಬಿನ ಚಿತ್ರವನ್ನು ಉಗುರಿನಿಂದ ಕೆರೆದು ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ.

ಎರಡನೆಯ ದಿನ ನಾನು ಕೆಳಗೆ ಹೋಗಿ ಅನ್ನ ಸಾರು ಉಂಡು, ಸಾಬೂನಿನಲ್ಲಿ ಎರಡು ಸಲ ಕೈ ತೊಳೆದು, ಸ್ಯಾನಿಟೈಸರ್ ಹಚ್ಚಿಕೊಂಡು ಬಂದೆ. ಅವನು ನನ್ನ ಬಲಗೈ ಎಳೆದುಕೊಂಡು ಮೂಸಿ ನೋಡಿದ. "ಅಪ್ಪಾ, ನೀನು ಸಾರು ಉಂಡಿದ್ದೀಯ" ಎಂದ. ಅಳಲಿಲ್ಲ. ನನ್ನ ಕೈಯನ್ನು ತಂದು ನನ್ನ ತೊಡೆಯ ಮೇಲೆಯೇ ಇಟ್ಟು ಆ ಕಡೆ ತಿರುಗಿ ಮಲಗಿದ. ಅವನಿಗೆ ಗಂಜಿ ಕೊಡುವ ತನಕ ನಾನೂ ಬನ್ನಿನಲ್ಲಿಯೇ ಕಳೆದೆ.

ಈಗ ಪ್ರಶ್ನೆ. ಬೆನ್ನಿನ ಸೂಜಿ, ಅಂದರೆ ಬೆನ್ನುಹುರಿಯ ನೀರಿಗೆ ಔಷಧಿ ಕೊಡುವ ಸೂಜಿ, ಈವರೆಗೆ ಮೂರು ಸಲ ಆಗಿದೆ. ಮೂರೂ ಸಲ ನಿದ್ರೆಯ ಔಷಧಿ ಕೊಡುವ ವೈದ್ಯರು ಸಿಗಲಿಲ್ಲ. ಮೂರೂ ಸಲ ನಾನೇ ಹಿಡಿದುಕೊಂಡೆ. ಮಂಡಿಯನ್ನು ಹೊಟ್ಟೆಗೂ ಗದ್ದವನ್ನು ಎದೆಗೂ ಒತ್ತಿ ಕುಡುಗೋಲಿನಂತೆ ಬಾಗಿಸಿ ಹಿಡಿಯಬೇಕು. ಅವನ ಎದೆ ಬಡಿತ ನನ್ನ ಮೊಣಕೈಗೆ ತಾಗುತ್ತಿತ್ತು. "ಅಪ್ಪಾ ಬಿಡು, ಅಪ್ಪಾ ಬಿಡು" ಎನ್ನುತ್ತಲೇ ಇದ್ದ. ಮೂರನೆಯ ಸಲ ಏನೂ ಹೇಳಲಿಲ್ಲ. ಆ ಮೌನವನ್ನು ನನಗೆ ಸಹಿಸಲಾಗಲಿಲ್ಲ. ಈಗ ನಾನು ಮಂಚದ ಹತ್ತಿರ ಹೋದರೆ ಅವನು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕೈಗಳನ್ನು.

ಇನ್ನು ಮುಂದೆ ನಾನು ಹೊರಗೆ ನಿಂತು, ಹಿಡಿಯುವ ಕೆಲಸವನ್ನು ಸಿಬ್ಬಂದಿಗೆ ಬಿಡಲೇ? ಆಗಲಾದರೂ ಅವನಿಗೆ ನಾನು ಬರಿಯ ಅಪ್ಪನಾಗಿ ಉಳಿದೇನೇ? ನಾನಿಲ್ಲದಿದ್ದರೆ ಅವನು ಇನ್ನೂ ಹೆದರುತ್ತಾನೆ ಎಂಬುದು ಹೆಂಡತಿಯ ಮಾತು. ಮಕ್ಕಳಿಗೆ ಇದೆಲ್ಲ ಮರೆತುಹೋಗುತ್ತದೆ ಎಂಬುದು ಭಾವಮೈದುನನ ಮಾತು. ಈ ದಾರಿಯಲ್ಲಿ ನಡೆದವರು ಹೇಳಿ.

ಇನ್ನೂ ಎರಡು ವಿಷಯ. ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಉಜ್ಜುತ್ತಿದೆ, ಇದು ಸರಿಹೋಗುತ್ತದೆಯೇ? ಆಸ್ಪರಾಜಿನೇಸ್ ನಿಲ್ಲಿಸಿದ್ದಾರೆ, ಒಂದು ಔಷಧಿ ಕಡಿಮೆಯಾದರೆ ಕಾಯಿಲೆ ತಿರುಗಿ ಬರುತ್ತದೆಯೇ? ಎರಡನೆಯದನ್ನು ವೈದ್ಯರ ಬಳಿ ಕೇಳಲು ನನಗೆ ಧೈರ್ಯವಾಗಿಲ್ಲ.

ಗದಗಿನ ಅಮ್ಮ (ಬೆಳಿಗ್ಗೆ 6.25)

ಅಣ್ಣ, ನಿಮ್ಮ ಸಾಲುಗಳನ್ನು ಓದಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದದ್ದು ತಿಳಿಯಲಿಲ್ಲ. ನನ್ನ ಮಗಳಿಗೂ ಎಎಲ್‌ಎಲ್. 2018ರಲ್ಲಿ ಶುರುವಾದಾಗ ಅವಳಿಗೆ ಮೂರೂವರೆ ವರ್ಷ, 2021ರಲ್ಲಿ ಚಿಕಿತ್ಸೆ ಮುಗಿಯಿತು. ನಾವು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು, ಧರ್ಮಶಾಲೆಯಲ್ಲಿ ತಿಂಗಳುಗಟ್ಟಲೆ ಇದ್ದವರು. ಈಗ ಅವಳು ಶಾಲೆಗೆ ಸೈಕಲ್ ತುಳಿದುಕೊಂಡು ಹೋಗುತ್ತಾಳೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೊರಗೆ ಹೋಗಬೇಡಿ, ಆದರೆ ಹಿಡಿಯಲೂ ಬೇಡಿ. ಜಾಗ ಬದಲಿಸಿಕೊಳ್ಳಿ. ಬೆನ್ನಿನ ಸೂಜಿಗೆ ಬಾಗಿಸಿ ಹಿಡಿಯುವುದಕ್ಕೆ ಅಭ್ಯಾಸವಿರುವ ಕೈಗಳು ಬೇಕು, ಅದು ಸಿಬ್ಬಂದಿಯ ಕೆಲಸ. ನೀವು ಮುಖದ ಕಡೆ ಬನ್ನಿ. ಮಂಚದ ಪಕ್ಕ ಮೊಣಕಾಲೂರಿ ಕುಳಿತು ಅವನ ಕಣ್ಣಿನ ಎತ್ತರಕ್ಕೆ ನಿಮ್ಮ ಕಣ್ಣು ತನ್ನಿ. ನಾನು ಮಾಡಿದ್ದು ಇಷ್ಟೇ. ಮೊದಲ ಆರೇಳು ಸಲ ನಾನೂ ಅವಳ ಕಾಲು ಅದುಮಿ ಹಿಡಿದವಳು. ಒಂದು ದಿನ ಹಿರಿಯ ಸಿಸ್ಟರ್ ಒಬ್ಬರು ನನ್ನ ಭುಜ ಹಿಡಿದು ಈ ಕಡೆಗೆ ಸರಿಸಿದರು. "ನೀವು ತಾಯಿ, ಇಲ್ಲಿರಿ" ಎಂದರು.

ಕೈಯಿಂದ ರಕ್ತ ತೆಗೆಯುವಾಗ ಮಾತ್ರ ಮಲಗಿಸಲು ಬಿಡಬೇಡಿ. ನಿಮ್ಮ ತೊಡೆಯ ಮೇಲೆ ನಿಮ್ಮ ಕಡೆ ಮುಖ ಮಾಡಿ ಕೂರಿಸಿಕೊಳ್ಳಿ. ಅವನ ಎದೆ ನಿಮ್ಮ ಎದೆಗೆ ತಾಗಿರಲಿ, ಒಂದು ಕೈ ಮಾತ್ರ ನಿಮ್ಮ ಕಂಕುಳ ಕೆಳಗಿನಿಂದ ಹಿಂದಕ್ಕೆ ಹೋಗಲಿ. ಅದನ್ನು ಅಪ್ಪುಗೆ ಎಂದೇ ಮಗು ತಿಳಿಯುತ್ತದೆ, ಕೈಯೂ ಅಲ್ಲಾಡುವುದಿಲ್ಲ. ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದೆ, ಲಿಗ್ನೊಕೇನ್ ಮತ್ತು ಪ್ರಿಲೊಕೇನ್ ಇರುವಂಥದ್ದು. ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಚುಚ್ಚುವುದಕ್ಕೆ ಒಂದು ಗಂಟೆ ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು. ಹತ್ತು ನಿಮಿಷ ಮೊದಲು ಹಚ್ಚಿದರೆ ಹಚ್ಚಿಯೂ ಉಪಯೋಗವಿಲ್ಲ.

ನಿದ್ರೆ ಔಷಧಿಯ ಬಗ್ಗೆ ಗಟ್ಟಿಯಾಗಿ ಕೇಳಿ. ಜಗಳವಾಡಬೇಡಿ, ಆದರೆ ಕೇಳಿ. ಅರಿವಳಿಕೆ ವೈದ್ಯರು ಯಾವ ದಿನ ಬರುತ್ತಾರೆ, ನಮ್ಮ ಮಗನ ಸೂಜಿಯನ್ನು ಆ ದಿನಕ್ಕೆ ಹಾಕಬಹುದೇ ಎಂದು ಹಿಂದಿನ ವಾರವೇ ಕೇಳಿದರೆ ಎಷ್ಟೋ ಸಲ ಆಗುತ್ತದೆ. ಅಂದು ಬೆಳಿಗ್ಗೆ ಕೇಳಿದರೆ ಆಗುವುದಿಲ್ಲ, ಏಕೆಂದರೆ ಹೊಟ್ಟೆ ಖಾಲಿ ಇರಬೇಕು. ಇಂಡಕ್ಷನ್ ಕೊನೆಗೆ ಬೋನ್ ಮ್ಯಾರೋ ತೆಗೆಯುತ್ತಾರಲ್ಲ, ಬೆನ್ನಿನ ಸೂಜಿಯನ್ನೂ ಅದೇ ನಿದ್ರೆಯಲ್ಲಿ ಮುಗಿಸಿಕೊಡಿ ಎಂದು ಈಗಲೇ ಹೇಳಿಡಿ.

ಇನ್ನೊಂದು ಮಾತು. ನೋವಾಗುವುದಿಲ್ಲ ಎಂದು ಮಾತ್ರ ಹೇಳಬೇಡಿ. "ನೋವಾಗುತ್ತದೆ, ಹತ್ತು ಎಣಿಸುವಷ್ಟರಲ್ಲಿ ಕಡಿಮೆಯಾಗುತ್ತದೆ, ನಾನು ಇಲ್ಲೇ ಇರುತ್ತೇನೆ" ಎನ್ನಿ. ಅವನಿಗೂ ಒಂದು ಕೆಲಸ ಕೊಡಿ. ನನ್ನ ಮಗಳ ಕೆಲಸ ಅಂಟುಪಟ್ಟಿ ಕೀಳುವುದು. ಎಷ್ಟೇ ಹೊತ್ತಾಗಲಿ, ಅದನ್ನು ಅವಳೇ ಕೀಳಬೇಕು. ಸಿಸ್ಟರ್‌ಗಳೂ ಕಾಯುತ್ತಿದ್ದರು.

ರೈಲಿನಲ್ಲಿ ಓಡಾಡುತ್ತಿದ್ದರೆ ಆಸ್ಪತ್ರೆಯಲ್ಲಿ ರಿಯಾಯಿತಿ ನಮೂನೆ ಸಹಿ ಮಾಡಿಸಿಕೊಳ್ಳಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ ಎಸಿ 3 ಟಯರ್‌ನಲ್ಲೂ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇ. 75 ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಇದನ್ನು ಮಾಡಿಸಿದ್ದೀರೆಂದು ಭಾವಿಸುತ್ತೇನೆ.

ಹಳ್ಳಿಮನೆ (ಬೆಳಿಗ್ಗೆ 7.50)

ಮಗುವಿಗೆ ಬೇಗ ಗುಣವಾಗಲಿ. ನಮ್ಮ ಕಡೆ ಒಬ್ಬರು ರಕ್ತದ ಕ್ಯಾನ್ಸರ್‌ಗೆ ಕಾಶಿ ಕಣಗಿಲೆಯ ಎಲೆಯ ಕಷಾಯ ಕೊಡುತ್ತಾರೆ. ಎಲ್ಲರ ಮನೆಯಂಗಳದಲ್ಲಿ ಬೆಳೆಯುವ ಗಿಡ, ಖರ್ಚಿಲ್ಲ. ಆಸ್ಪತ್ರೆಯ ಔಷಧಿಯ ಜೊತೆಗೇ ಕೊಡಬಹುದು ಎನ್ನುತ್ತಾರೆ. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ವಾರ್ಡಿನ ಅಕ್ಕ (ಬೆಳಿಗ್ಗೆ 9.15)

ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ 26 ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮೊದಲು ಕಷಾಯದ ವಿಷಯಕ್ಕೆ ಬರುತ್ತೇನೆ. ಹಳ್ಳಿಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೂ ತಡಮಾಡದೆ ಉತ್ತರಿಸಬೇಕಾದ ಮಾತು ಇದು. ನಿಮ್ಮ ಮಗನಿಗೆ ವಾರಕ್ಕೊಮ್ಮೆ ಕೊಡುತ್ತಿರುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಬಂದಿರುವುದೇ ಕಾಶಿ ಕಣಗಿಲೆಯಿಂದ. ರಾಶಿ ರಾಶಿ ಎಲೆಯಿಂದ ಚಿಟಿಕೆಯಷ್ಟು ತೆಗೆದು, ಶುದ್ಧ ಮಾಡಿ, ಮಗುವಿನ ಎತ್ತರ ತೂಕ ಲೆಕ್ಕ ಹಾಕಿ ಕೊಡುತ್ತಾರೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಎಲೆಯ ಕಷಾಯದಲ್ಲಿ ಏನೇನು ಎಷ್ಟಿದೆ ಎಂದು ಯಾರು ಅಳೆಯುತ್ತಾರೆ? ಈಗಾಗಲೇ ನರ ಸೋತಿರುವ ಮಗು ಅದು. ದಯವಿಟ್ಟು ಯಾರೂ ಕೊಡಬೇಡಿ.

ಪಾದದ ಮುಂಭಾಗ ಉಜ್ಜುವುದು ಆ ವಿನ್‌ಕ್ರಿಸ್ಟಿನ್‌ನಿಂದಲೇ. ಹೆಚ್ಚಿನ ಮಕ್ಕಳಲ್ಲಿ ಔಷಧಿ ವಿರಳವಾದ ಮೇಲೆ ತಿಂಗಳುಗಳಲ್ಲಿ ಹಿಂದಿರುಗುತ್ತದೆ, ನಾನೇ ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಆದರೆ ಸುಮ್ಮನೆ ಕಾಯಬಾರದು. ಫಿಸಿಯೋಥೆರಪಿಯವರನ್ನು ಕಳುಹಿಸಿ ಎಂದು ಇಂದೇ ಕೇಳಿ. ಹಿಮ್ಮಡಿಯ ಸ್ನಾಯು ಬಿಗಿಯಾಗದಂತೆ ದಿನಕ್ಕೆ ಹಲವು ಸಲ ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಬಾಗಿಸಿ ಹಿಡಿಯಬೇಕು, ಹೇಗೆಂದು ಅವರು ತೋರಿಸುತ್ತಾರೆ. ಪಾದ ಎತ್ತಿ ಹಿಡಿಯುವ ಪಟ್ಟಿ ಬೇಕಾದೀತು. ದವಡೆ ನೋವು, ಮಲಬದ್ಧತೆ ಇದ್ದರೆ ಅದೂ ಇದೇ ಔಷಧಿಯಿಂದ ಇರಬಹುದು, ಮುಚ್ಚಿಡದೆ ಹೇಳಿ. ಶಿಲೀಂಧ್ರದ ಸೋಂಕಿಗೆ ಕೊಡುವ ಕೆಲವು ಮಾತ್ರೆಗಳು, ಹೆಸರು "ಕೊನಜೋಲ್" ಎಂದು ಮುಗಿಯುವಂಥವು, ವಿನ್‌ಕ್ರಿಸ್ಟಿನ್‌ನ ತೊಂದರೆಯನ್ನು ಹೆಚ್ಚಿಸುತ್ತವೆ. ಬೇರೆ ವೈದ್ಯರು ಬರೆದುಕೊಟ್ಟರೆ ನಿಮ್ಮ ತಂಡಕ್ಕೆ ತೋರಿಸದೆ ಶುರು ಮಾಡಬೇಡಿ.

ಆಸ್ಪರಾಜಿನೇಸ್ ಬಗ್ಗೆ. ಪ್ಯಾಂಕ್ರಿಯಾಟೈಟಿಸ್ ತೀವ್ರವಾಗಿದ್ದ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನು ಮತ್ತೆ ಕೊಡುವುದಿಲ್ಲ. ಸೌಮ್ಯವಾಗಿದ್ದರೆ ಕೆಲವೊಮ್ಮೆ ಎಚ್ಚರಿಕೆಯಿಂದ ಕೊಡುವುದುಂಟು. ನಿಮ್ಮ ಮಗನದು ಯಾವುದು ಎಂದು ವೈದ್ಯರನ್ನೇ ಕೇಳಬೇಕು. ಇಂಡಕ್ಷನ್ ಕೊನೆಯ ಬೋನ್ ಮ್ಯಾರೋದಲ್ಲಿ ಎಂಆರ್‌ಡಿ ಎಂಬ ಪರೀಕ್ಷೆ ಮಾಡುತ್ತಾರೆ. ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಕಡಿಮೆ ಕ್ಯಾನ್ಸರ್ ಕೋಶಗಳು ಉಳಿದಿವೆಯೇ ಎಂದು ನೋಡುವ ಪರೀಕ್ಷೆ ಅದು. ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. "ಎಂಆರ್‌ಡಿ ಎಷ್ಟು ಬಂತು, ಮಗ ಯಾವ ಅಪಾಯದ ಗುಂಪಿನಲ್ಲಿದ್ದಾನೆ, ಆಸ್ಪರಾಜಿನೇಸ್ ಬದಲಿಗೆ ಏನು ಮಾಡುತ್ತೀರಿ" ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿ ಕಟ್ಟಿಹೋದರೆ ಚೀಟಿಯನ್ನೇ ಕೈಗೆ ಕೊಡಿ. ಎಷ್ಟೋ ತಂದೆಯರು ಹಾಗೆ ಕೊಟ್ಟದ್ದನ್ನು ನೋಡಿದ್ದೇನೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ತಿಪಟೂರಿನವರು ನೀವು, ಇದನ್ನು ಹೇಳಲು ಕಷ್ಟವಾಗುತ್ತದೆ: ಸದ್ಯಕ್ಕೆ ಸಾರಿಗೆ ತೆಂಗಿನಕಾಯಿ ಬೇಡ. ಮೇದೋಜೀರಕ ಗ್ರಂಥಿ ಚೇತರಿಸಿಕೊಳ್ಳುವ ತನಕ ಜಿಡ್ಡು ಕಡಿಮೆ ಇರಬೇಕು. ಎಷ್ಟು ದಿನ ಎಂದು ಪಥ್ಯ ಹೇಳುವವರು ತಿಳಿಸುತ್ತಾರೆ.

ಮನೆಗೆ ಕಳುಹಿಸಿದ ಮೇಲೆ ಇದನ್ನು ಗೋಡೆಯ ಮೇಲೆ ಬರೆದಿಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ, ರಾತ್ರಿ ಎರಡು ಗಂಟೆಯಾದರೂ ಸರಿ. ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ತಿಪಟೂರಿನಿಂದ ಬೆಂಗಳೂರು ದೂರ, ಆದ್ದರಿಂದ ಹತ್ತಿರದಲ್ಲಿ ಮೊದಲ ಡೋಸ್ ಕೊಡುವ ಆಸ್ಪತ್ರೆ ಯಾವುದು ಎಂದು ಬಿಡುಗಡೆಗೆ ಮೊದಲೇ ಗೊತ್ತು ಮಾಡಿಕೊಂಡು, ನಿಮ್ಮ ವೈದ್ಯರಿಂದ ಪತ್ರ ಬರೆಸಿಕೊಂಡು ಇಟ್ಟುಕೊಳ್ಳಿ. ರಕ್ತದ ವರದಿಯಲ್ಲಿ ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಎಷ್ಟಿದೆ ಎಂದು ಲೆಕ್ಕ ಹಾಕಲು ಕಲಿಯಿರಿ. ಬಿಳಿ ರಕ್ತಕಣ 1,200, ನ್ಯೂಟ್ರೋಫಿಲ್ ಶೇ. 20 ಎಂದರೆ 240. 500ಕ್ಕಿಂತ ಕಡಿಮೆ ಇದ್ದಾಗ ಸೋಂಕು ಸುಲಭವಾಗಿ ಮೇಲೇರುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್, ಎನಿಮಾ, ಗುಳಿಗೆ ಯಾವುದೂ ಬೇಡ. ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ.

ಪಪ್ಪಾಯಿ ರಸದ ಮಾತು ನಿಮ್ಮ ಬರಹದಲ್ಲಿ ಒಂದೇ ಕಡೆ ಬಂದರೂ ನನ್ನ ಕಣ್ಣಿಗೆ ಬಿತ್ತು. ಅದರಿಂದ ಈ ಕಾಯಿಲೆ ಬಂದಿಲ್ಲ. ಜ್ವರ, ಪ್ಲೇಟ್‌ಲೆಟ್ ಇಳಿತ, ಮಳೆಗಾಲ ಇವು ಮೂರೂ ಸೇರಿದರೆ ಊರೆಲ್ಲ ಡೆಂಗಿ ಎಂದೇ ಹೇಳುತ್ತದೆ. ಐದನೆಯ ದಿನ ಮಚ್ಚೆ ಕಂಡು ತುಮಕೂರಿಗೆ ಕರೆದುಕೊಂಡು ಹೋದವರೂ ನೀವೇ.

ಶರಾವತಿ ತೀರ (ಮಧ್ಯಾಹ್ನ 1.40)

ನಾನು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. 2008ರಲ್ಲಿ, ಆರು ವರ್ಷದವನಾಗಿದ್ದಾಗ ನನಗೆ ಇದೇ ಕಾಯಿಲೆ ಬಂದಿತ್ತು. ಈಗ ಎಂಜಿನಿಯರಿಂಗ್ ಮುಗಿಸಿ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಕೆಂಪು ಔಷಧಿ, ಅಂದರೆ ಮೂತ್ರವೂ ಕೆಂಪಾಗುವ ಆ ಇಂಜೆಕ್ಷನ್, ಹೃದಯಕ್ಕೆ ತೊಂದರೆ ಮಾಡಬಲ್ಲದು ಎಂಬ ಕಾರಣಕ್ಕೆ ಆಗಾಗ ಎಕೋ ಪರೀಕ್ಷೆ ಮಾಡಿಸುತ್ತೇನೆ. ಈವರೆಗೆ ಸರಿಯಾಗಿದೆ.

ನಿಮ್ಮ ಭಾವಮೈದುನರ ಮಾತಿಗೆ ಉತ್ತರ ಕೊಡಬಲ್ಲವನು ನಾನು ಎನಿಸಿ ಬರೆಯುತ್ತಿದ್ದೇನೆ. ಎಲ್ಲವೂ ಮರೆತುಹೋಗುವುದಿಲ್ಲ. ಆದರೆ ನೆನಪಿರುವುದು ದೊಡ್ಡವರು ಅಂದುಕೊಂಡದ್ದಲ್ಲ. ಬೆನ್ನಿನ ಸೂಜಿ ಹದಿನಾರು ಹದಿನೇಳು ಸಲ ಆಗಿದೆಯಂತೆ. ನನಗೆ ಅದರಲ್ಲಿ ಒಂದರ ನೋವೂ ನೆನಪಿಲ್ಲ. ನಳಿಕೆಗೆ ಸಲೈನ್ ತಳ್ಳಿದಾಗ ಬಾಯಿಗೆ ಬರುತ್ತಿದ್ದ ಕಬ್ಬಿಣದಂಥ ರುಚಿ ನೆನಪಿದೆ. ವಾರ್ಡಿನ ಕಿಟಕಿಯಿಂದ ಕಾಣುತ್ತಿದ್ದ ನೀರಿನ ಟ್ಯಾಂಕ್ ನೆನಪಿದೆ. ಇನ್ನೊಂದು ದಿನ ಚೆನ್ನಾಗಿ ನೆನಪಿದೆ. ಬನ್ನೇರುಘಟ್ಟಕ್ಕೆ ಹುಲಿ ನೋಡಲು ಹೋಗೋಣ ಎಂದು ಹೇಳಿ ನನ್ನನ್ನು ಆಟೋ ಹತ್ತಿಸಿದರು. ಆಟೋ ನಿಂತದ್ದು ಆಸ್ಪತ್ರೆಯ ಗೇಟಿನಲ್ಲಿ. ನಾನು ಅಳದೆ ಬರಲಿ ಎಂದು ಅಮ್ಮ ಹಾಗೆ ಹೇಳಿದ್ದು, ಅವಳ ಸಂಕಟ ಈಗ ಅರ್ಥವಾಗುತ್ತದೆ. ಆದರೆ ಆಮೇಲೆ ಬಹಳ ದಿನ, ಶಾಲೆಗೆ ಎಂದು ಹೊರಟರೂ ನಾನು ದಾರಿಯುದ್ದಕ್ಕೂ ಆಟೋದ ಕಂಬಿ ಹಿಡಿದು ಯಾವ ತಿರುವಿನಲ್ಲಿ ತಿರುಗುತ್ತದೆ ಎಂದು ನೋಡುತ್ತಲೇ ಇರುತ್ತಿದ್ದೆ.

ನನ್ನ ಅಪ್ಪನೂ ನನ್ನನ್ನು ಹಿಡಿದವರೇ. ಅವರ ಅಂಗಿಯ ಜೇಬಿನಲ್ಲಿ ಪೆನ್ನಿತ್ತು, ಅದು ನನ್ನ ಕೆನ್ನೆಗೆ ಒತ್ತುತ್ತಿತ್ತು. ಕಳೆದ ವರ್ಷ ಒಮ್ಮೆ ಇದನ್ನು ಹೇಳಿದೆ. ಅವರು ಎದ್ದು ಹಿತ್ತಿಲಿಗೆ ಹೋಗಿಬಿಟ್ಟರು. ಹದಿನೇಳು ವರ್ಷ ಅವರು ನನ್ನ ಬಳಿ ಆ ಮಾತೆತ್ತಿರಲಿಲ್ಲ, ನಾನು ಅವರ ಮೇಲೆ ಸಿಟ್ಟಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದರಂತೆ. ನನಗೆ ಸಿಟ್ಟು ಇರಲೇ ಇಲ್ಲ. ಆದ್ದರಿಂದ ನೀವು ಅಷ್ಟು ವರ್ಷ ಕಾಯಬೇಡಿ. "ನಿನಗೆ ನೋವಾಗುತ್ತಿದ್ದಾಗ ಹಿಡಿದುಕೊಂಡಿದ್ದೆ, ಬಿಡು ಎಂದರೂ ಬಿಡಲಿಲ್ಲ, ನನಗೂ ಅಳು ಬಂದಿತ್ತು" ಎಂದು ಈಗಲೇ ಹೇಳಿ. ಐದು ವರ್ಷದವರಿಗೆ ಅರ್ಥವಾಗುತ್ತದೆ.

ತೆಂಗಿನತೋಟ, ತಿಪಟೂರು (ಹದಿಮೂರು ದಿನಗಳ ನಂತರ)

ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ. ನಡುವೆ ಐದು ದಿನ ಮತ್ತೆ ಜ್ವರ, ನ್ಯೂಟ್ರೋಫಿಲ್ 90ಕ್ಕೆ ಇಳಿದಿತ್ತು. ಈಗ ಜ್ವರ ಬಿಟ್ಟಿದೆ.

ಶರಾವತಿ ತೀರದವರೇ, ನೀವು ಬರೆದ ದಿನ ಸಂಜೆಯೇ ಅವನಿಗೆ ಹೇಳಿದೆ. ನೀವು ಬರೆದುಕೊಟ್ಟ ಮಾತುಗಳನ್ನೇ ಹೇಳಿದೆ, ನನ್ನದು ಎಂಬ ಮಾತು ಬಾಯಿಗೆ ಬರಲಿಲ್ಲ. ಅವನು ಕೇಳಿಸಿಕೊಂಡು, "ಅಪ್ಪಾ, ನೀನು ಯಾವಾಗ ಅತ್ತೆ?" ಎಂದ. ಮೆಟ್ಟಿಲ ಹತ್ತಿರ ಎಂದೆ. "ಯಾವ ಮೆಟ್ಟಿಲು?" ಎಂದ. ಎತ್ತಿಕೊಂಡು ಹೋಗಿ ಬಾಗಿಲಿನಿಂದಲೇ ತೋರಿಸಿದೆ. ಬಹಳ ಹೊತ್ತು ನೋಡಿದ.

ಗದಗಿನ ಅಮ್ಮನವರೇ, ಅರಿವಳಿಕೆಯ ದಿನವನ್ನು ಒಂದು ವಾರ ಮೊದಲೇ ಕೇಳಿ ಗೊತ್ತು ಮಾಡಿಕೊಂಡೆ. ಮೊನ್ನೆ ಬೋನ್ ಮ್ಯಾರೋ ಮತ್ತು ಬೆನ್ನಿನ ಸೂಜಿ ಎರಡೂ ಒಂದೇ ನಿದ್ರೆಯಲ್ಲಿ ಮುಗಿದವು. ನಾನು ಮುಖದ ಕಡೆ ಕುಳಿತಿದ್ದೆ. ಅವನಿಗೊಂದು ಕೆಲಸ ಕೊಡಿ ಎಂದಿದ್ದಿರಿ. ನಮ್ಮ ಅಟ್ಟದಲ್ಲಿ ಉಂಡೆ ಕೊಬ್ಬರಿಗೆ ಕಾಯಿ ಹಾಕಿದ್ದೇವೆ. ಅಟ್ಟ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುತ್ತಿದೆಯೋ ಗಿಟುಕು ಲೊಟಗುಟ್ಟುತ್ತಿದೆಯೋ ಎಂದು ಹೇಳುವುದು ಪುಟ್ಟನಿಗೆ ನನ್ನ ಅಪ್ಪ ಕಲಿಸಿದ ಆಟ. ಊರಿನಿಂದ ಒಂದು ಕಾಯಿ ತರಿಸಿದೆ. ಜುಟ್ಟು ಪೂರ್ತಿ ತೆಗೆದು, ಸಾಬೂನಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ ಒರೆಸಿ, ಸಿಸ್ಟರ್‌ಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಅವನ ಕೈಗೆ ಕೊಟ್ಟದ್ದು. ನಿದ್ರೆಯ ಔಷಧಿ ಹೋಗುವಾಗ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. "ಇನ್ನೂ ನೀರಿದೆ" ಎಂದ, ಕೈ ಸಡಿಲವಾಯಿತು, ನಾನು ಕಾಯಿ ಹಿಡಿದುಕೊಂಡೆ.

ರಕ್ತ ತೆಗೆಯುವಾಗ ಎದೆಗೆ ಎದೆ ಕೊಟ್ಟು ಕೂರಿಸಿಕೊಳ್ಳುವುದನ್ನು ಎರಡು ಸಲ ಮಾಡಿದೆವು. ಒಂದು ಸಲ ಸರಿಯಾಯಿತು, ಇನ್ನೊಂದು ಸಲ ನನ್ನ ಭುಜ ಕಚ್ಚಿದ. ರಾತ್ರಿ ಈಗಲೂ ಅಮ್ಮನೇ ಬೇಕು. ಇರಲಿ.

ಅಕ್ಕ, ನಿಮ್ಮ ಚೀಟಿಯನ್ನು ನಿಜವಾಗಿಯೂ ಬರೆದುಕೊಂಡು ಹೋದೆ. ಎರಡು ಪ್ರಶ್ನೆ ಓದಿದೆ, ಮೂರನೆಯದಕ್ಕೆ ಗಂಟಲು ಕಟ್ಟಿತು, ಚೀಟಿಯನ್ನೇ ಕೊಟ್ಟೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿ ಇಪ್ಪತ್ತು ನಿಮಿಷ ವಿವರಿಸಿದರು. ಆಸ್ಪರಾಜಿನೇಸ್ ಮತ್ತೆ ಕೊಡುವುದಿಲ್ಲವಂತೆ, ಉಳಿದ ಔಷಧಿಗಳನ್ನು ಹೇಗೆ ಹೊಂದಿಸುವುದು ಎಂಬುದನ್ನು ಎಂಆರ್‌ಡಿ ನೋಡಿ ತೀರ್ಮಾನಿಸುತ್ತಾರಂತೆ. ವರದಿ ಸೋಮವಾರ ಬರುತ್ತದೆ.

ಫಿಸಿಯೋಥೆರಪಿ ಶುರುವಾಗಿದೆ. ದಿನಕ್ಕೆ ನಾಲ್ಕು ಸಲ ಪಾದ ಬಾಗಿಸಿ ಹಿಡಿಯಬೇಕು, ಪ್ರತಿಸಲ ಮೂವತ್ತು ಎಣಿಸುವ ತನಕ. ಅದನ್ನು ಮಾಡುವವನು ನಾನೇ. ಎಣಿಸುವವನು ಅವನು. ಇಪ್ಪತ್ತೊಂಬತ್ತು ಆದ ಮೇಲೆ ನಿಲ್ಲಿಸಿ ನನ್ನ ಮುಖ ನೋಡುತ್ತಾನೆ, ತಾನು ಮೂವತ್ತು ಎನ್ನುವ ತನಕ ನಾನು ಬಿಡುವಂತಿಲ್ಲ. ಅಕ್ಕ, ಒಂದು ಕೇಳುವುದಿತ್ತು: ಪಾದ ಎತ್ತಿ ಹಿಡಿಯುವ ಪಟ್ಟಿಯನ್ನು ರಾತ್ರಿ ಮಾತ್ರ ಹಾಕಬೇಕೇ, ಹಗಲಿನಲ್ಲೂ ಹಾಕಬೇಕೇ? ಹಗಲು ಹಾಕಿದರೆ ಅವನು ನಡೆಯಲು ಒಪ್ಪುತ್ತಿಲ್ಲ.